ಬಿಳಿ ಸೀರೆಯ ಕರುಣೆ

ನಮ್ಮ ಮಧುಗಿರಿಯ ಮಹಿಳಾ ಮಂಡಳಿಯವರಿಗೆ ಕರುಣೆ ಉಕ್ಕಿತೆಂದರೆ ಊರು ಹುಷಾರಾಗಿರಬೇಕಿತ್ತು. ಎಂಬತ್ತರ ದಶಕದಲ್ಲಿ ನಾನು ಅಲ್ಲಿ ಹೊಲಿಗೆ ಕಲಿಸುತ್ತಿದ್ದೆ, ಆ ಕರುಣೆಯನ್ನು ಹತ್ತಿರದಿಂದ ಕಂಡಿದ್ದೇನೆ.

ಲಂಕೆಯಲ್ಲಿ ತಮಿಳರ ಮನೆಗಳಿಗೆ ಬೆಂಕಿ ಬಿದ್ದು ಜನ ದೋಣಿ ಹತ್ತಿ ಈ ಕಡೆ ಬರುತ್ತಿದ್ದ ಕಾಲ. ಅವರಲ್ಲೊಬ್ಬಳು, ಎರಡು ಮಕ್ಕಳ ತಾಯಿ, ನಮ್ಮೂರಿಗೂ ಬಂದಳು. ಬಸ್ ಸ್ಟ್ಯಾಂಡ್ ಹೋಟೆಲಿನ ಅಡುಗೆಯವನು, ಹಿಂದೆಯೇ ಲಂಕೆ ಬಿಟ್ಟು ಬಂದಿದ್ದವನು, ಅವಳ ಅಣ್ಣ. ದೋಣಿ ಹತ್ತುವ ನೂಕುನುಗ್ಗಲಿನಲ್ಲಿ ಗಂಡ ದಡದಲ್ಲೇ ಉಳಿದುಬಿಟ್ಟಿದ್ದ. ಆಮೇಲೆ ಸುದ್ದಿಯೇ ಇಲ್ಲ. ಅವಳು ಮಾತ್ರ ಹಣೆಗೆ ದೊಡ್ಡದಾಗಿ ಕುಂಕುಮವಿಟ್ಟು, ಬಸ್ಸು ಬಂದಾಗಲೆಲ್ಲ ಹೋಟೆಲಿನ ಬಾಗಿಲಿಗೆ ಬಂದು ಇಳಿಯುವವರ ಮುಖ ನೋಡುತ್ತಿದ್ದಳು.

ಮಂಡಳಿ ನಿರಾಶ್ರಿತರಿಗೆ ನೆರವು ಅಂತ ಸಮಾರಂಭ ಇಟ್ಟಿತು. ನಿರಾಶ್ರಿತೆ ಒಬ್ಬಳೇ, ಭಾಷಣ ಮಾಡುವವರು ವೇದಿಕೆ ತುಂಬ. ಅಧ್ಯಕ್ಷೆಯ ಗಂಡನದು ಜವಳಿ ಅಂಗಡಿ. ಅಲ್ಲಿ ಯಾರೂ ಕೊಳ್ಳದೆ ಬಿದ್ದಿದ್ದ ಬಿಳಿ ಸೀರೆಗಳಲ್ಲಿ ಒಂದಕ್ಕೆ ಗತಿ ಕಾಣಿಸಬೇಕಿತ್ತು. ಮುತ್ತೈದೆಗೆ ಬಿಳಿ ಸೀರೆ ಕೊಡುವಂತಿಲ್ಲ, ಮಡಿಲು ತುಂಬಿ ಕುಂಕುಮ ಕೊಡಬೇಕು. ಆದ್ದರಿಂದ ಅವಳನ್ನು ವಿಧವೆ ಮಾಡುವುದೇ ಸುಲಭವೆಂದು ನನ್ನ ಹೊಲಿಗೆ ಕೋಣೆಯಲ್ಲಿ ತೀರ್ಮಾನವಾಯಿತು.

"ಗಂಡ ಬದುಕವ್ನೆ ಅಂತ ಯಾರ್ ಕಂಡ್ರು? ಬಿಳೀದೇ ಕೊಟ್ಬುಡಾನ" ಎಂದರು ಅಧ್ಯಕ್ಷೆ.

"ಸತ್ತಿದ್ದು ಯಾರ್ ಕಂಡ್ರಮ್ಮ?" ಎಂದೆ.

"ನೀನು ನಿನ್ ಮಿಷನ್ ನೋಡ್ಕೊ ಕಣಮ್ಮ."

ಸಮಾರಂಭದ ದಿನ ಕುಂಕುಮದ ತಟ್ಟೆ ವೇದಿಕೆಯ ಎಲ್ಲ ಹೆಂಗಸರ ಮುಂದೆ ಹಾದು ಬಂತು. ಅವಳೂ ಕೈ ಮುಂದೆ ಮಾಡಿದಳು. ತಟ್ಟೆ ಅವಳನ್ನು ದಾಟಿ ಪಕ್ಕದವರಿಗೆ ಹೋಯಿತು. ಆಮೇಲೆ ಅಕ್ಕಿ ಚೀಲದ ಮೇಲೆ ಬಿಳಿ ಸೀರೆ ಇಟ್ಟು ಒಟ್ಟಿಗೇ ಮುಂದಕ್ಕೆ ಹಿಡಿದರು. ಅವಳು ಸೀರೆಯನ್ನು ನೋಡಿದಳು, ಕೆಳಗೆ ಕೂತಿದ್ದ ಮಕ್ಕಳನ್ನು ನೋಡಿದಳು, ಎರಡನ್ನೂ ತೆಗೆದುಕೊಂಡಳು. ಅಕ್ಕಿ ಬೇಕಾದರೆ ಮೊದಲು ಗಂಡನನ್ನು ಸಾಯಿಸು ಎನ್ನುವ ಕರುಣೆ ಅದು. ಅಧ್ಯಕ್ಷೆ ಫೋಟೋಗೆಂದು ಸೆರಗು ಸರಿಮಾಡಿಕೊಂಡರು.

ಮುಂದಿನ ಶುಕ್ರವಾರ ಮಂಡಳಿಯವರೆಲ್ಲ ಗೊರವನಹಳ್ಳಿ ಲಕ್ಷ್ಮಿಯ ದರ್ಶನಕ್ಕೆ ಸರ್ವಿಸ್ ಬಸ್ಸಿನಲ್ಲಿ ಹೊರಟರು, ನಾನೂ ಇದ್ದೆ. ಬಸ್ಸು ಹೊರಡುವ ಹೊತ್ತಿಗೆ ಅವಳು ಮಕ್ಕಳೊಂದಿಗೆ ಹತ್ತಿದಳು. ಉಟ್ಟಿದ್ದು ಅದೇ ಸೀರೆ. ಅರಿಶಿನದ ನೀರಿನಲ್ಲಿ ಅದ್ದಿ ಅದ್ದಿ ಗಾಢ ಹಳದಿ ಮಾಡಿದ್ದಳು. ಅಂಚಿನಲ್ಲಿ ಇನ್ನೂ ಪುಡಿ ಮೆತ್ತಿಕೊಂಡಿತ್ತು. ಹಣೆಯ ಕುಂಕುಮ ಎಂದಿಗಿಂತ ದೊಡ್ಡದಿತ್ತು. ಖಾಲಿಯಿದ್ದದ್ದು ಅಧ್ಯಕ್ಷೆಯ ಪಕ್ಕದ ಸೀಟೊಂದೇ. ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಲ್ಲೇ ಕೂತಳು.

"ಇದು ನಾವು ಕೊಟ್ಟ ಸೀರೆ ಅಲ್ವೇನಮ್ಮ? ಹಿಂಗ್ಯಾಕೆ ಹಾಳ್ ಮಾಡ್ಕಂಡೆ?"

ಅವಳು ತನಗೆ ಬರುವಷ್ಟು ಕನ್ನಡದಲ್ಲಿ ಮೆಲ್ಲಗೆ ಹೇಳಿದಳು: "ಅವರು ಬರ್ತಾರೆ ಅಮ್ಮ. ಬಿಳಿ ಸೀರೇಲಿ ನೋಡಿದ್ರೆ, ತಾನೇ ಸತ್ತೋದೆ ಅಂದ್ಕೊತಾರೆ."

ಅಧ್ಯಕ್ಷೆ ಕಿಟಕಿಯ ಕಡೆ ತಿರುಗಿದರು. ಬಸ್ಸು ಕುಲುಕಿದಾಗಲೆಲ್ಲ ಆ ಅರಿಶಿನ ಅವರ ರೇಷ್ಮೆ ಸೀರೆಗೆ ಹತ್ತುತ್ತಲೇ ಇತ್ತು. ಹಿಂದೆ ಕೂತಿದ್ದ ನನಗೆ ಕಾಣುತ್ತಿತ್ತು, ನಾನು ಹೇಳಲಿಲ್ಲ.