ತಾರ್ಲಿ ಮೀನು, ನನ್ನ ಭೂಗೋಳ

ನಾನು ಜನ್ಮದಲ್ಲಿ ಮೀನು ತಿಂದವನಲ್ಲ, ಸಮುದ್ರ ಕಂಡವನೂ ಅಲ್ಲ. ಆದರೂ ಒಮ್ಮೆ ಸಮುದ್ರದ ಮೀನಿನ ಬಗ್ಗೆ ತೀರ್ಪು ಕೊಟ್ಟಿದ್ದೇನೆ. ಹೈಸ್ಕೂಲು ಮುಗಿಸಿದವರಿಗೆ ಇಂಥ ಧೈರ್ಯ ತಾನಾಗಿಯೇ ಬರುತ್ತದೆ.

ಸಿಂಧನೂರು ಎರಡು ಸಮುದ್ರಗಳಿಂದಲೂ ದೂರ. ಆದರೆ ಎಂಬತ್ತರ ದಶಕದ ಕೊನೆಗೆ ನಮ್ಮ ಸಂತೆಗೆ ಒಣ ಮೀನು ಲಾರಿಯಲ್ಲಿ ಬರುತ್ತಿತ್ತು. ನನ್ನ ಕಿರಾಣಿ ಅಂಗಡಿಯ ಎದುರಿಗೇ ಹುಲಿಗೆಮ್ಮ ಎಂಬಾಕೆ ಬುಟ್ಟಿಯಲ್ಲಿಟ್ಟು ಮಾರುತ್ತಿದ್ದಳು. ಭತ್ತದ ನಾಟಿಗೆ ಬರುವ ಕೂಲಿಯವರಿಗೆ ಅವಳ ತಾರ್ಲಿಯೆಂದರೆ ಪ್ರಾಣ. ಕಾರವಾರದ ಕಡೆಯ ಸಣ್ಣ ಎಣ್ಣೆ ಮೀನು ಅದು. ಹಣೆಗೆ ವಿಭೂತಿ ಹಚ್ಚಿದ ನಾನು ಮೂಗಿಗೆ ಟವೆಲು ಹಿಡಿದು ಕೂಡುತ್ತಿದ್ದೆ. ಈಕೆ ಇಲ್ಲಿಂದ ಎದ್ದರೆ ಸಾಕೆಂಬ ಆಸೆ ಒಳಗೊಳಗೇ ಇತ್ತು. ಅದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಒಂದು ಸಂತೆಯ ದಿನ ಪಾಮನಕಲ್ಲೂರಿನ ಗಿರಾಕಿಯೊಬ್ಬ ಅವಳ ಮೀನು ತುಂಬಿ ಬಂದಿದ್ದ ಖಾಲಿ ಚೀಲ ಹಿಡಿದು ಬಂದ. "ಇದರ ಮ್ಯಾಲ ಏನ್ ಬರದಾರ ನೋಡ್ರಿ ಸಾವ್ಕಾರ್ರ."

ತೆಲುಗು ಅಕ್ಷರ. ನಮ್ಮ ಅಕ್ಷರಕ್ಕೆ ಅಣ್ಣತಮ್ಮನಷ್ಟು ಹತ್ತಿರವಾದ್ದರಿಂದ ಕೂಡಿಸಿ ಓದಿದೆ: ಕಾಕಿನಾಡ. ಅದಿರುವುದು ಪೂರ್ವದ ಸಮುದ್ರದ ದಂಡೆಯಲ್ಲಿ. ತಾರ್ಲಿ ಸಿಗುವುದು ಪಶ್ಚಿಮ ಕರಾವಳಿಯಲ್ಲೆಂದು ನಾನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ.

"ಇದು ತಾರ್ಲಿ ಅಲ್ಲ, ಮೋಸ!" ಎಂದೆ, ಸಂತೆಗೆಲ್ಲ ಕೇಳುವಂತೆ.

"ತಾರ್ಲೀನ ಅದಾವ್ರೀ," ಎಂದಳು ಹುಲಿಗೆಮ್ಮ. "ಸಮುದ್ರದ ನೀರು ಕಾಯಾಕತ್ತೈತಂತ, ಲಾರಿಯವ್ರು ಹೇಳ್ಯಾರ. ಬ್ಯಾಸಗ್ಯಾಗ ನಾವು ಗುಳೆ ಹೋಗಂಗಿಲ್ಲೇನ್ರಿ? ಹಂಗ ಅವೂ ಆ ಕಡಿ ದಂಡಿಗೆ ಹೋಗ್ಯಾವ."

"ಯಾವ ಬಸ್ ಹತ್ತಿ ಹೋದ್ವು ಬೇ? ಟಿಕೆಟ್ ತೋರ್ಸು!"

ಸಂತೆ ನಕ್ಕಿತು. ನನಗೂ ಹಿತವಾಯಿತು. ಮುಂದಿನ ಸಂತೆಗಳಲ್ಲಿ ಅವಳ ಬುಟ್ಟಿಯ ಮುಂದೆ ಯಾರೂ ಕೂಡಲಿಲ್ಲ. "ಟಿಕೆಟ್ ಐತೇನ?" ಎಂದು ಕೇಳಿ ನಗುತ್ತ ಮುಂದೆ ಹೋಗುತ್ತಿದ್ದರು. ಮಳೆಗಾಲ ಬರುವುದರೊಳಗೆ ಹುಲಿಗೆಮ್ಮ ವ್ಯಾಪಾರ ಬಿಟ್ಟು ತವರೂರು ಗುರುಗುಂಟಾಕ್ಕೆ ಹೊರಟುಹೋದಳು. ನನ್ನ ಅಂಗಡಿಯ ಗಾಳಿ ಸ್ವಚ್ಛವಾಯಿತು.

ಕೆಲವು ವರ್ಷಗಳ ಮೇಲೆ ರೇಡಿಯೊದಲ್ಲಿ ಯಾರೋ ತಿಳಿದವರು ಮಾತಾಡುತ್ತಿದ್ದರು: ನೀರು ಬಿಸಿಯಾದಂತೆ ಮೀನುಗಳು ನೆಲೆ ಬದಲಿಸುತ್ತವೆ, ತಾರ್ಲಿ ಈಗ ಪೂರ್ವದ ಬಲೆಗಳಿಗೂ ಬೀಳುತ್ತಿದೆ. ಕೈಯಲ್ಲಿದ್ದ ಚಹಾ ಅಲ್ಲೇ ಆರಿತು.

ಗುರುಗುಂಟಾಕ್ಕೆ ಹೋದೆ. ಹುಲಿಗೆಮ್ಮ ಯಾರದೋ ಹೊಲದಲ್ಲಿ ಕೂಲಿಗೆ ಸಜ್ಜೆ ಕೊಯ್ಯುತ್ತಿದ್ದಳು. ತಪ್ಪಾಯಿತೆಂದೆ. ಅವಳು ಕುಡಗೋಲು ನಿಲ್ಲಿಸಲಿಲ್ಲ.

"ನನಗ್ಯಾಕ ಹೇಳ್ತೀರಿ? ಅದು ತಾರ್ಲಿ ಅಂತ ನನಗ ಆವತ್ತ ಗೊತ್ತಿತ್ತು. ಸಂತ್ಯಾಗ ಅಂದೀರಿ, ಸಂತ್ಯಾಗ ಹೇಳ್ರಿ."

ಆಮೇಲೆ ಎಷ್ಟೋ ಸಂತೆಗಳು ಕೂಡಿ ಚದುರಿದವು. ಪ್ರತಿ ಸಲ ಹೇಳಲೆಂದೇ ಬಾಯಿ ತೆರೆಯುತ್ತೇನೆ. ಸಕ್ಕರೆ ಎಷ್ಟು ಕಟ್ಟಲಿ ಎಂದು ಕೇಳಿ ಮುಚ್ಚುತ್ತೇನೆ. ಗೇಣುದ್ದವೂ ಇಲ್ಲದ ಮೀನು ಕನ್ಯಾಕುಮಾರಿ ಸುತ್ತಿ ಇನ್ನೊಂದು ಸಮುದ್ರ ಸೇರಿತು. ನಾನು ಅಂಗಡಿಯ ಕಟ್ಟೆಯನ್ನೇ ಇನ್ನೂ ಇಳಿದಿಲ್ಲ.