ಯಾವುದು ಮಂಜನ ಹಾಡು

ಮೊನ್ನೆ ಪರಿಗಿ ಕಡೆ ಹೋಗುವಾಗ ಒಂದು ಜೋಳದ ಹೊಲದಲ್ಲಿ ಹಕ್ಕಿ ಬೆದರಿಸಲು ಹಳೆಯ ಸಿ.ಡಿ.ಗಳನ್ನು ದಾರಕ್ಕೆ ಕಟ್ಟಿದ್ದರು. ಗಾಳಿಗೆ ತಿರುಗಿ ಹೊಳೆಯುತ್ತಿದ್ದವು. ಯಾವುದರಲ್ಲಿ ಯಾರ ದನಿ ಇದೆಯೋ ಎಂದುಕೊಂಡೆ. ನಮ್ಮ ಹಿಂದೂಪುರದ ಮನೆಯಲ್ಲೂ ಒಂದಿದೆ. ಅದನ್ನು ಹಾಕಿದರೆ ಹಕ್ಕಿಯಿರಲಿ, ಬೀದಿಯೇ ಬೆದರುತ್ತದೆ.

ನನ್ನ ತಮ್ಮ ಮಂಜ ಕಲ್ಯಾಣದುರ್ಗದಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಸಾರಿಗೆ ಉಪ್ಪಿಲ್ಲದಿದ್ದರೂ ಸುಮ್ಮನೆ ಉಂಡು ಏಳುವವನು. ಅಂಥವನು ಅಂಗಡಿಯ ಬಾಗಿಲೆಳೆದ ಮೇಲೆ ಗೆಳೆಯರ ಜೊತೆ ಕಿರುಚಿ ಹಾಡುತ್ತಿದ್ದನೆಂದರೆ ನೀವು ನಂಬಲಾರಿರಿ. ಆಗ, ಯಾವ ಕಂಪನಿಯೂ ಮುಟ್ಟದ ಹಾರ್ಡ್‌ಕೋರ್ ಪಂಕ್ ಎಂಬ ಈ ಕಿರುಚು ಹಾಡಿನ ತಂಡಗಳಿಂದ ಒಂದೊಂದು ಹಾಡು ತರಿಸಿಕೊಂಡು, ಒಂದೇ ಸಿ.ಡಿ.ಯಲ್ಲಿ ಸೇರಿಸಿ ಹಂಚುವವರಿದ್ದರು. ಮಂಜನ ತಂಡದ ಹಾಡೂ ಒಂದರಲ್ಲಿ ಸೇರಿತು. ರಜಕ್ಕೆ ಬಂದಾಗ ಟಿ.ವಿ. ಪಕ್ಕದ ಪ್ಲೇಯರಿಗೆ ಹಾಕಿದ.

"ಇದೇನ್ಲಾ, ಹಾಡೋ ಜಗಳಾನೋ?" ಎಂದಳು ಅಮ್ಮ.

"ಹಾಡೇ ಕಣಮ್ಮ. ಇದ್ರಾಗೆ ನಂದೂ ಐತೆ. ಯಾವ್ದು ಅಂತ ನೀನೇ ಹೇಳು."

ಒಂದೊಂದು ಹಾಡೂ ನಿಮಿಷದಲ್ಲಿ ಮುಗಿಯುತ್ತಿತ್ತು. ಕವರಿನ ಮೇಲೆ ತಂಡಗಳ ಹೆಸರು ಮುಳ್ಳುಬೇಲಿಯಂಥ, ಓದಲಾಗದ ಅಕ್ಷರದಲ್ಲಿ. ತನ್ನದು ಯಾವುದೆಂದು ಅವನು ಬಾಯಿಬಿಡಲಿಲ್ಲ. ಭಜನೆಯಲ್ಲೇ ತಾಳ ತಪ್ಪುವ ನನಗೆ ಎಲ್ಲವೂ ಒಂದೇ. ಅಮ್ಮ ಮಾತ್ರ ಕಿವಿಗೊಟ್ಟು ಕೂತಿದ್ದಳು. "ಪಾಪಂ, ಈ ಹುಡುಗ್ನಿಗೆ ಯಾರಾನಾ ನೀರು ಕೊಡ್ರಪ್ಪ!" ಒಂದನ್ನು ತೋರಿಸಿದಳು, ತಪ್ಪು. ಇನ್ನೊಂದು, ಅದೂ ತಪ್ಪು. ಮಂಜ ನಗುತ್ತಾ ಬ್ಯಾಗು ಹೆಗಲಿಗೇರಿಸಿದ. "ಮುಂದಿನ ಸಲ ಬಂದಾಗ ಹೇಳ್ತೀನಿ. ಬತ್ತೀನಮ್ಮ, ಅಕ್ಕಯ್ಯ."

ಮುಂದಿನ ಸಲ ಬರಲಿಲ್ಲ. ಜ್ವರವೆಂದು ಮಲಗಿದವನು ಏಳಲಿಲ್ಲ. ಅವನ ದನಿಯೆಂದು ನಮಗುಳಿದದ್ದು ಆ ಸಿ.ಡಿ.ಯೊಳಗಿನ ಒಂದು ನಿಮಿಷ. ಯಾವ ನಿಮಿಷವೋ ತಿಳಿಯದು.

ಒಂದೆರಡು ವರ್ಷ ಕಳೆದು, ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದ ಅವನ ಗೆಳೆಯ ನಮ್ಮನ್ನು ಹುಡುಕಿಕೊಂಡು ಬಂದ. ಕಾಫಿ ಲೋಟ ಹಿಡಿದೇ, "ನಮ್ಮ ಹಾಡು ಎಷ್ಟನೇದು ಗೊತ್ತಾ ಅಮ್ಮಾ?" ಎಂದ. ನಾನು ಸಿ.ಡಿ. ಕವರಿಗೆ ಕೈ ಹಾಕಿದೆ.

"ಹೇಳ್ಬ್ಯಾಡ ಕಣಪ್ಪ," ಎಂದಳು ಅಮ್ಮ. "ಗೊತ್ತಾಗ್ಬುಟ್ರೆ ಅದೊಂದೇ ಕೇಳ್ತೀನಿ, ಒಂದು ನಿಮಿಷಕ್ಕೆ ಮುಗ್ದೋಯ್ತದೆ. ಈಗ ಎಲ್ಲಾದ್ರಾಗೂ ಅವ್ನನ್ನ ಹುಡುಕ್ತೀನಿ. ಮಿಕ್ಕಿದವ್ರೂ ಯಾರ ಮಕ್ಕಳೋ, ಅವ್ರ ಹಾಡೂ ಕೇಳ್ದಂಗಾಯ್ತದೆ."

ಅವನು ಕಾಫಿ ಮುಗಿಸಿ ಎದ್ದ. ನನಗೆ ಸಿಟ್ಟು ಬಂತು. ತಮ್ಮ ಅವಳೊಬ್ಬಳಿಗೇ ಸೇರಿದವನೇ? ಹೊರಡುವಾಗ ಅವನ ಫೋನ್ ನಂಬರು ಇಸಕೊಂಡೆ. ಇಷ್ಟು ವರ್ಷ ಫೋನ್ ಮಾಡದೆ ಇಟ್ಟುಕೊಂಡೂ ಇದ್ದೆ. ಅಮ್ಮ ಸಿ.ಡಿ. ಕೇಳುತ್ತಾ ವಾರಕ್ಕೊಂದು ದನಿಯನ್ನು ಮಂಜನದೆಂದು ತೋರಿಸಿದಾಗಲೆಲ್ಲ, "ಅಲ್ಲಮ್ಮ, ಹೋದ ವಾರ ಬೇರೆಯದು ಅಂದಿದ್ದೆ" ಎಂದು ಸಿಡುಕುತ್ತಲೂ ಇದ್ದೆ.

ಪರಿಗಿಯಿಂದ ಬಂದ ಸಂಜೆ ಆ ನಂಬರು ತೆಗೆದೆ. ಸ್ವಲ್ಪ ಹೊತ್ತು ನೋಡಿ ಅಳಿಸಿದೆ. ಸಿ.ಡಿ. ಒರೆಸಿ ಹಾಕಿ, ಅಮ್ಮನ ಪಕ್ಕ ಕೂತೆ. ನಡುವೆಲ್ಲೋ ಒಬ್ಬ ಉಸಿರೆಳೆದುಕೊಂಡು ಕಿರುಚಿದ. ಅಮ್ಮ ನನ್ನ ಕೈ ಹಿಡಿದಳು.

"ಇವ್ನೇ ಕಣೆ."

"ಇರಬಹುದಮ್ಮ," ಎಂದೆ. ಅಷ್ಟರಲ್ಲಿ ಮುಂದಿನ ಹುಡುಗ ಶುರುಮಾಡಿದ್ದ. ಅವನಿಗೂ ಕಿವಿಗೊಟ್ಟೆ.