ಬಟ್ಟಲಿನ ಮೇಲೆ ಹಿಡಿದ ಕೈ

ಮಗಳ ಓದಿಗೆಂದು ಹೆಂಡತಿ ಮಂಗಳೂರಿಗೆ ಮರಳಿದ ಮೇಲೆ, ಇಲ್ಲಿ ಕೊಲ್ಲಿ ನಾಡಿನ ಅಲ್ ಖೌದ್‌ನ ನಮ್ಮ ಫ್ಲಾಟಿನ ಕೆಳಗಿದ್ದ ಕೊಲಂಬಿಯಾದವರ ಹೋಟೆಲಿನಲ್ಲೇ ನನ್ನ ಶುಕ್ರವಾರದ ಊಟ. ಅದನ್ನು ನಡೆಸುತ್ತಿದ್ದಾಕೆಗೆ ಸ್ಪ್ಯಾನಿಷ್ ಬಿಟ್ಟರೆ ಬೇರೆ ಭಾಷೆ ಬಾರದು. ನಾನು ಮೆನುವಿನ ಚಿತ್ರಕ್ಕೆ ಬೆರಳಿಟ್ಟರೆ, ಒದ್ದೆ ಕೈಯನ್ನು ಎಪ್ರನ್ನಿಗೆ ಒರೆಸಿಕೊಂಡು "ಕೋನ್ ಗುಸ್ತೊ" ಎನ್ನುತ್ತಿದ್ದಳು. ಸಂತೋಷದಿಂದ ಎಂದರ್ಥವಂತೆ. ಬಡಿಸುವಾಗಲೂ ಅದೇ ಮಾತು, ಬಾಗಿಲವರೆಗೆ ಬಂದು ಕಳಿಸುವಾಗಲೂ ಅದೇ.

ಮೊದಲ ದಿನ ಕೋಳಿ, ಆಲೂಗಡ್ಡೆಯ ಸೂಪು ಇನ್ನೂ ಅರ್ಧವಿರುವಾಗಲೇ ಸೌಟು ಹಿಡಿದು ಮತ್ತೆ ಬಂದಳು. ನಮ್ಮೂರ ಪಂಕ್ತಿಯ ಅಭ್ಯಾಸ ನನಗೆ. "ಸಾಕು ಮಾರಾಯ್ರೆ, ಖಲಾಸ್" ಎಂದು ಬಟ್ಟಲಿನ ಮೇಲೆ ಅಂಗೈ ಅಡ್ಡ ಹಿಡಿದೆ. ಪ್ರಾರ್ಥನೆ ಎಂದುಕೊಂಡಿರಬೇಕು, ಆಕೆ ಹಿಂದೆ ಸರಿದು ತಲೆ ತಗ್ಗಿಸಿ ನಿಂತಳು. ಮುಂದಿನ ವಾರದಿಂದ ಬಟ್ಟಲಿಟ್ಟು, ನಾನು ಅದರ ಮೇಲೆ ಅಂಗೈ ಹಿಡಿಯಲೆಂದು ಕಾಯತೊಡಗಿದಳು. ತಿಳಿಸಿ ಹೇಳಲು ಭಾಷೆಯಿಲ್ಲದೆ ಹಿಡಿಯುತ್ತಿದ್ದೆ.

ಒಂದು ಮಧ್ಯಾಹ್ನ ಬೇರೆ ಗಿರಾಕಿಗಳೇ ಇರಲಿಲ್ಲ. ಒಳಗೆ ಫೋನಿನಲ್ಲಿ ಬಹಳ ಹೊತ್ತು ಮಾತಾಡಿ, ಮುಖ ತೊಳೆದು ಬಂದವಳು ತನ್ನ ಬಟ್ಟಲನ್ನೂ ತಂದು ನನ್ನೆದುರು ಕುಳಿತಳು. ಹಬೆಯ ಮೇಲೆ, ಥೇಟ್ ನನ್ನ ಹಾಗೆಯೇ, ಅಂಗೈ ಹಿಡಿದು ಕಣ್ಣು ಮುಚ್ಚಿದಳು.

ನಾನೂ ಹಿಡಿದೆ. ಸೂಪು ಆರುತ್ತಿತ್ತು, ಮೊದಲು ಕೈ ತೆಗೆಯಲು ಇಬ್ಬರಿಗೂ ಮನಸ್ಸಾಗಲಿಲ್ಲ.